ಕೃಷ್ಣೆಗೆ ಬಿಟ್ಟ ಗಡಿಗೆ

ಆಲಮಟ್ಟಿಗೆ ಹೋಗೋಣವೆಂದು ಮೊದಲು ಬಾಯಿ ಬಿಟ್ಟವಳು ಸುನಂದಾ ಅಲ್ಲವೇ ಅಲ್ಲ. ಅವಳನ್ನು ಕೇಳಿದ್ದರೆ ಆ ಶನಿವಾರ, ಭಾನುವಾರ ಇಂಡಿ ಊರಿನ ತನ್ನ ಮನೆಯ ಅಗಳಿ ಹಾಕಿಕೊಂಡು ಒಳಗೇ ಕೂತಿರುತ್ತಿದ್ದಳು. ಫೋನು ಮಾಡಿದ್ದು ನಾದಿನಿ ಶೈಲಶ್ರೀ, ಮುದ್ದೇಬಿಹಾಳದಿಂದ.

“ಡ್ಯಾಮ್ ತುಂಬೇತಿ ಅಣ್ಣಾ, ಗೇಟ್ ಬಿಟ್ಟಾರ. ನಾ ಅಮಿತನ್ನ ಕರ್ಕೊಂಡು ನಿಡಗುಂದಿ ತನ ಬಸ್ಸಿಗಿ ಬರ್ತೇನಿ, ನೀವು ಹುಡುಗ್ರನ್ನ ಕರ್ಕೊಂಡು ಬರ್ರಿ. ಕೃಷ್ಣೆಗಿ ಉಡಿ ತುಂಬೂಣು, ಒಂದ್ ರಾತ್ರಿ ಅಲ್ಲೇ ಇದ್ದು ಬರೂಣು.”

ತಂಗಿಯ ಮಾತಿಗೆ ಸುನಂದಾಳ ಗಂಡ ಅನೀಲಕುಮಾರ ಎಂದೂ ಇಲ್ಲ ಅಂದವನಲ್ಲ. ನಿಂಬೆಹಣ್ಣಿನ ಅಡತಿ ಅಂಗಡಿಯಲ್ಲಿ ಹಮಾಲರನ್ನು ಗದರಿಸಿ ನಿಲ್ಲಿಸುವ ಗಂಡಸು, ತಂಗಿಯ ಫೋನು ಬಂದರೆ ಬೆಣ್ಣೆಯಾಗುತ್ತಿದ್ದ. ಅವನ ತಾಯಿ ಇಂದುಬಾಯಿಯಂತೂ ಮಗಳ ಹೆಸರು ಕೇಳಿದ್ದೇ ಮೊಣಕಾಲು ನೋವು ಮರೆತು ಸೀರೆ ಆರಿಸತೊಡಗಿದರು. ಆರು ವರ್ಷದ ಕಾವೇರಿ, ಮೂರು ವರ್ಷದ ಯುವರಾಜ ಇಬ್ಬರೂ ಮನೆಯೆಲ್ಲ ಕುಣಿದಾಡಿದರು. ಇಷ್ಟು ಜನರ ಖುಷಿಯ ನಡುವೆ ಸುನಂದಾ ಒಬ್ಬಳ ಎದೆಯ ಮೇಲೆ ಕಲ್ಲು ಬಿದ್ದಿತ್ತು.

ಹಿಂದಿನ ದೀಪಾವಳಿಯ ಹೊತ್ತಿಗೆ ಕಾವೇರಿ ಒಂದೇ ಸಮನೆ ನೀರು ಕುಡಿಯುತ್ತ, ಒಂದೇ ಸಮನೆ ಬಚ್ಚಲಿಗೆ ಓಡುತ್ತ, ಕಣ್ಣೆದುರೇ ಸೊರಗಿ ಹೋಗಿದ್ದಳು. ಶಾಲೆಯಲ್ಲಿ ಕುಸಿದು ಬಿದ್ದಾಗ ವಿಜಯಪುರಕ್ಕೆ ಒಯ್ದರು. ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ವಯಸ್ಸಾದವರಿಗೆ ಬರುವಂಥದ್ದಲ್ಲ, ಮಗುವಿನ ಮೈಯೊಳಗೆ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದೆ, ಮುಂಜಾನೆ ಸಂಜೆ ಊಟಕ್ಕೆ ಮೊದಲು ಸೂಜಿ ಚುಚ್ಚಲೇಬೇಕು, ಬದುಕಿರುವ ತನಕ. “ಒಂದು ಹೊತ್ತೂ ತಪ್ಪಿಸಬ್ಯಾಡ್ರಿ. ತಪ್ಪಿದ್ರ ಮೈಯಾಗಿನ ರಕ್ತನ ವಿಷ ಆಗ್ತದ,” ಎಂದು ಸುನಂದಾಳ ಮುಖ ನೋಡಿ ಮತ್ತೊಮ್ಮೆ ಹೇಳಿದ್ದರು.

ಮನೆಗೆ ಬರುವ ದಾರಿಯಲ್ಲಿ ಇಂದುಬಾಯಿ ಇನ್ನೊಂದು ತೀರ್ಪು ಕೊಟ್ಟರು. “ಹೆಣ್ಣ ಹುಡುಗಿ ಐತಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಶೈಲಾನ ಮುಂದಂತೂ ಬ್ಯಾಡೇ ಬ್ಯಾಡ.”

ಶೈಲಾನ ಮುಂದೆ ಏಕೆ ಬೇಡವೆಂದರೆ, ಕಾವೇರಿ ತೊಟ್ಟಿಲಲ್ಲಿದ್ದಾಗ ಸೋದರತ್ತೆಯಾಗಿ ಬಂದು ಅವಳ ಕಿವಿಯಲ್ಲಿ ಹೆಸರು ಹೇಳಿದವಳು ಶೈಲಶ್ರೀ. ಹೆಸರಿಟ್ಟು, ಕೂಸನ್ನು ಎತ್ತಿ ತನ್ನ ಮಗ ಅಮಿತನ ಪಕ್ಕ ಹಿಡಿದು, “ಈಕಿ ನನ್ನ ಸೊಸಿ, ಬ್ಯಾರೇದವ್ರು ಕಣ್ಣ ಹಾಕಬ್ಯಾಡ್ರಿ,” ಎಂದು ಕೂಡಿದ ಮಂದಿಯೆದುರು ಸಾರಿದ್ದಳು. ಅಂದಿನಿಂದ ಅದು ತಮಾಷೆಯೂ ಹೌದು, ಮಾತು ಕೊಟ್ಟ ಹಾಗೂ ಹೌದು. ಮುದ್ದೇಬಿಹಾಳದಲ್ಲಿ ದೊಡ್ಡ ಬಟ್ಟೆ ಅಂಗಡಿ, ನಾಲ್ಕು ಜನ ಹೌದೆನ್ನುವ ಮನೆತನ. ಮುಂದಿನ ಹಲ್ಲು ಬಿದ್ದು ಇನ್ನೂ ಬಂದಿಲ್ಲದ ಹುಡುಗಿಯ ಮದುವೆಯ ಚಿಂತೆ ಇವರಿಗೆ! ಕೇಳಿದವರಿಗೆ ನಗು ಬರಬೇಕು, ಆದರೆ ಆ ಮನೆಯಲ್ಲಿ ಯಾರೂ ನಗಲಿಲ್ಲ. ಸುಳ್ಳೇಕೆ, ಸುನಂದಾಳಿಗೂ ಅದೇ ಭಯ. ದಿನಾ ಸೂಜಿ ಚುಚ್ಚಿಸಿಕೊಳ್ಳುವವಳನ್ನು ಯಾರು ಮನೆ ತುಂಬಿಸಿಕೊಂಡಾರು? ಹಾಗಾಗಿ ಮಗಳಿಗೂ ಕಲಿಸಿದಳು. ಸೂಜಿ ನಮ್ಮ ಗುಟ್ಟು, ಅತ್ತೆ ಕೇಳಿದರೂ ಹೇಳಬಾರದು. ಕಾವೇರಿ ಜಾಣೆ, ಒಂದೇ ಸಲಕ್ಕೆ ಕಲಿತಳು.

ಈಗ ಎರಡು ದಿನ ನಾದಿನಿಯ ಕಣ್ಣೆದುರೇ ಇರಬೇಕು. ಔಷಧವನ್ನು ತಂಪಾಗಿಯೂ ಇಡಬೇಕು, ಯಾರಿಗೂ ಕಾಣದಂತೆಯೂ ಇಡಬೇಕು. ಬರ್ಫದ ಡಬ್ಬಿ ಒಯ್ದರೆ ಐಸ್‌ಕ್ರೀಮ್ ಇದೆಯೆಂದು ಮಕ್ಕಳೇ ಮೊದಲು ಮುಚ್ಚಳ ತೆಗೆಯುತ್ತವೆ. ಸುನಂದಾಳ ತವರು ದೇವಣಗಾಂವ. ಅಲ್ಲಿ ಅವಳ ತಾಯಿ ಬೇಸಿಗೆಯಲ್ಲಿ ಸಣ್ಣ ಮಣ್ಣಿನ ಗಡಿಗೆಯ ತಳಕ್ಕೆ ಒದ್ದೆ ಮರಳು ಹಾಕಿ, ಮೇಲೆ ಬೆಣ್ಣೆಯ ಬಟ್ಟಲಿಟ್ಟು, ಬಾಯಿಗೆ ಹಸಿ ಬಟ್ಟೆ ಕಟ್ಟುತ್ತಿದ್ದದ್ದು ನೆನಪಾಯಿತು. ಗಂಡನ ಮನೆಯಲ್ಲಿ ಹೊಳೆಗೆ ಉಡಿ ತುಂಬುವುದೂ ಅಂಥದೇ ಗಡಿಗೆಯಲ್ಲಿ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಹಸಿರು ಬಳೆ ಒಳಗಿಟ್ಟು ರವಿಕೆಯ ಖಣದಿಂದ ಬಾಯಿ ಕಟ್ಟಿದರೆ ಮುಗಿಯಿತು. ಆಮೇಲೆ ಅದನ್ನು ಹೊಳೆ ಬಿಚ್ಚಬೇಕು, ಮನುಷ್ಯರು ಬಿಚ್ಚಬಾರದು. ಕಟ್ಟಿದ ಉಡಿ ಬಿಚ್ಚಿದವಳ ಮನೆಗೆ ಒಳಿತಾಗುವುದಿಲ್ಲವೆಂದು ಹೆಂಗಸರು ಅದರ ಗಂಟಿಗೆ ಉಗುರೂ ತಾಗಿಸುವುದಿಲ್ಲ.

ಸುನಂದಾ ಎರಡು ಗಡಿಗೆ ತಂದಳು. ಕೆಂಪು ಖಣ ಕಟ್ಟಿದ್ದರಲ್ಲಿ ಉಡಿ. ಹಸಿರು ಖಣ ಕಟ್ಟಿದ್ದರಲ್ಲಿ ಒದ್ದೆ ಮರಳು, ಅದರ ಮೇಲೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಮಗಳ ಔಷಧದ ಬಾಟಲಿಗಳು, ಬಿಚ್ಚಿದ್ದು ಬಿಚ್ಚದ್ದು ಎಲ್ಲ. ಇದಕ್ಕಿಂತ ಗಟ್ಟಿ ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆ? ಗಂಡನಿಗೆ ಮಾತ್ರ ತೋರಿಸಿದಳು. “ಭಾರೀ ತಲಿ ಓಡ್ಸೀದಿ,” ಎಂದ ಅವನು. ಅವಳೂ ಹಿಗ್ಗಿದಳು. ಅತ್ತೆ ಇಂದುಬಾಯಿಗೆ ಹೇಳಲಿಲ್ಲ. ಉಡಿಯ ಗಡಿಗೆಯಲ್ಲಿ ಔಷಧ ಎಂದರೆ ಮೈಲಿಗೆ ಎಂದು ರಾಗ ತೆಗೆದಾರು.

ಶನಿವಾರ ಮುಂಜಾನೆ ಮನೆಯಲ್ಲೇ ಸೂಜಿ ಮುಗಿಸಿ, ಮೂರು ಸಾಲು ಸೀಟಿನ ಕಾರಿನಲ್ಲಿ ಹೊರಟರು. ಬಸವನ ಬಾಗೇವಾಡಿಯಲ್ಲಿ ಇಳಿದು ಗುಡಿಗೆ ಕೈಮುಗಿದರು, ಚಹಾ ಕುಡಿದರು. ನಿಡಗುಂದಿಯ ಬಸ್ ನಿಲ್ದಾಣದಲ್ಲಿ ಶೈಲಶ್ರೀ ಎರಡು ಕೈಯಲ್ಲೂ ಚೀಲ ಹಿಡಿದು, ಪಕ್ಕದಲ್ಲಿ ಮಗನನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಕಾರು ಹತ್ತಿದ್ದೇ ಕಾವೇರಿಯನ್ನು ಸೆಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

“ನನ್ನ ಸೊಸಿ ಎಷ್ಟ್ ಬಡಕಲಾಗ್ಯಾಳ! ವೈನಿ, ಈಕಿಗಿ ಉಣ್ಣಾಕ ಹಾಕ್ತೀಯೋ ಇಲ್ಲೋ?” ಎಂದು ಅತ್ತಿಗೆಯ ಕಡೆ ತಿರುಗಿದಳು.

ಆಲಮಟ್ಟಿಯ ತೋಟದಲ್ಲಿ ನೆರಳು ನೋಡಿ ಚಾದರ ಹಾಸಿದರು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಎಣ್ಣೆಗಾಯಿ. ಶೈಲಶ್ರೀ ತನ್ನ ಚೀಲದಿಂದ ಶೇಂಗಾ ಹೋಳಿಗೆಯ ಡಬ್ಬಿ ತೆಗೆದಳು, ಮೊದಲ ಹೋಳಿಗೆ ಕಾವೇರಿಯ ಕೈಗೇ ಕೊಟ್ಟಳು. ಸುನಂದಾ, “ಬ್ಯಾಡ ಶೈಲಾ, ಆಕಿಗಿ ಹಲ್ಲು ನೋವು,” ಎಂದಳು. “ಹಲ್ಲ ಇಲ್ಲದ್ದಕ್ಕ ನೋವು ಎಲ್ಲೀದು?” ಎಂದು ಶೈಲಶ್ರೀ ನಕ್ಕಳು, ಎಲ್ಲರೂ ನಕ್ಕರು. ಕಾವೇರಿ ತಾಯಿಯ ಮುಖ ನೋಡಿದಳು. ಸುನಂದಾ ತಿನ್ನು ಎಂಬಂತೆ ಸಣ್ಣಗೆ ತಲೆಯಾಡಿಸಿದಳು. ಇರಲಿ, ಸಂಜೆಯ ಸೂಜಿಯಲ್ಲಿ ಸರಿಮಾಡಿದರಾಯಿತು ಎಂದುಕೊಂಡಳು.

ಊಟವಾದ ಮೇಲೆ ಹಿನ್ನೀರಿನ ದಂಡೆಗೆ ಹೋದರು. ನೀರು ಕಣ್ಣು ಹಾಯುವ ತನಕ ಹರಡಿಕೊಂಡಿತ್ತು. ಇಳಿಜಾರಿನಲ್ಲಿ ಇಳಿಯಲು ಮೊಣಕಾಲು ಕೇಳದೆ ಇಂದುಬಾಯಿ ಮೇಲೆ ಮರದ ಬುಡದಲ್ಲೇ ಕೂತರು. ಸುನಂದಾ, ಶೈಲಶ್ರೀ ಇಬ್ಬರೂ ಅರಿಸಿನ ಕುಂಕುಮ ಏರಿಸಿ, ತಮ್ಮ ತಮ್ಮ ಗಡಿಗೆಯನ್ನು ಮೊಣಕಾಲುದ್ದ ನೀರಿನಲ್ಲಿ ಬಿಟ್ಟರು. ಆಮೇಲೆ ಮಕ್ಕಳು ಪುಟ್ಟ ರೈಲು ಹತ್ತಬೇಕೆಂದು ಹಟ ಹಿಡಿದವು. ಸುನಂದಾ ಅವರ ಹಿಂದೆ ಹೋದಳು. ಯುವರಾಜ ಬಿದ್ದು ಮೊಣಕೈ ತರಚಿಕೊಂಡ, ಅಮಿತನ ಚಪ್ಪಲಿ ಕಿತ್ತಿತು, ಕಾವೇರಿ ಎರಡು ಸಲ ನೀರು ಕೇಳಿದಳು. ಎರಡನೆಯ ಸಲ ಕೇಳಿದಾಗ ಸುನಂದಾ ಹೊತ್ತು ನೋಡಿ, ಕಾರಿನ ಕಡೆಗೆ ನಡೆದಳು. ತೋಟದ ಸಂಗೀತ ಕಾರಂಜಿ ಶುರುವಾಗುವ ಮೊದಲು ಮಗಳನ್ನು ಕಾರಿನೊಳಗೆ ಕರೆದು ಗಾಜೇರಿಸಿ ಸೂಜಿ ಕೊಟ್ಟುಬಿಟ್ಟರೆ ಇವತ್ತಿನದು ಮುಗಿಯಿತು.

ಡಿಕ್ಕಿ ತೆಗೆದಳು. ಚಾಪೆ ಇತ್ತು, ಬುಟ್ಟಿ ಇತ್ತು, ಟವೆಲ್ಲಿನ ಗಂಟು ಇತ್ತು. ಹಸಿರು ಗಡಿಗೆ ಇರಲಿಲ್ಲ. ಸೀಟಿನ ಕೆಳಗೆ ನೋಡಿದಳು, ಬುಟ್ಟಿ ಬುಡಮೇಲು ಮಾಡಿದಳು, ಮತ್ತೆ ಡಿಕ್ಕಿ ನೋಡಿದಳು. ಹಿಂದೆಯೇ ಬಂದ ನಾದಿನಿಯನ್ನು ಕೇಳಿದಳು.

“ಶೈಲಾ, ಡಿಕ್ಕಿಯಾಗ ಒಂದು ಗಡಿಗಿ ಇತ್ತಲ್ಲ?”

ಶೈಲಶ್ರೀಯ ಮುಖ ಅರಳಿತು. “ಬಿಟ್ಟ್ ಬಂದೆ ವೈನಿ! ಟವೆಲ್ ತರಾಕ ಹೋದಾಗ ಕಂಡ್ತು. ಅವ್ವಂದು ಅಲ್ಲಾ? ಪಾಪ, ಅವ್ವಗ ಇಳ್ಯಾಕ ಆಗ್ಲಿಲ್ಲ. ಅದಕ್ಕ ಅಕಿ ಹೆಸರ್ಲೆ ನಾನ ಹೊಳಿಗಿ ಕೊಟ್ಟೆ. ಅವ್ವಗ ಇನ್ನಾ ಹೇಳಿಲ್ಲ.”

ತಾಯಿಯ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಹೇಗೆ ಬಯ್ಯುವುದು, ಯಾವ ಬಾಯಿಂದ ಬಯ್ಯುವುದು? ಸುನಂದಾ ಇಳಿಜಾರಿನಲ್ಲಿ ಓಡಿದಳು. ಚಪ್ಪಲಿ ಬಿಡಲಿಲ್ಲ, ಸೀರೆ ಎತ್ತಿಕಟ್ಟಲಿಲ್ಲ, ನೀರಿಗಿಳಿದಳು. ಹಿಂದೆಯೇ ಓಡಿ ಬಂದ ಶೈಲಶ್ರೀ, “ಏನಾತ ವೈನಿ?” ಎಂದು ಕೂಗಿದಳು.

“ಕಾಲುಂಗುರ,” ಎಂದಳು ಸುನಂದಾ. ಬಾಯಿಗೆ ಮೊದಲು ಬಂದ ಸುಳ್ಳು ಅದು. “ಕಾಲುಂಗುರ ನೀರಾಗ ಬಿದ್ದೈತಿ.”

ಮುತ್ತೈದೆಯ ಕಾಲುಂಗುರ ಹೊಳೆಗೆ ಬಿದ್ದರೆ ಯಾವ ನಾದಿನಿ ಸುಮ್ಮನೆ ನಿಂತಾಳು? ಶೈಲಶ್ರೀಯೂ ಸೀರೆ ಸಿಕ್ಕಿಸಿ ಇಳಿದಳು. ಅನೀಲಕುಮಾರ ಬಂದ, ಹೆಂಡತಿಯ ಮುಖ ನೋಡಿದ್ದೇ ಹೋದದ್ದು ಹಸಿರು ಗಡಿಗೆಯೆಂದು ಅವನಿಗೆ ತಿಳಿಯಿತು. ಅವನೂ ಪ್ಯಾಂಟು ಮಡಚಿದ. ಮೂವರೂ ಕೆಸರಿನಲ್ಲಿ ಕೈಯಾಡಿಸಿದರು, ಒಬ್ಬಳು ಇಲ್ಲದ ಉಂಗುರಕ್ಕೆ, ಇಬ್ಬರು ಗಡಿಗೆಗೆ. ದಂಡೆಯಲ್ಲಿ ಜನ ನಿಂತು ನೋಡಿದರು. ಯಾರೋ ಮೊಬೈಲು ಹಿಡಿದರು. ಕಾವೇರಿ ಮೇಲೆ ಅಜ್ಜಿಯ ಪಕ್ಕ ಕೂತು ಬಾಟಲಿಯ ನೀರು ಗಟಗಟ ಕುಡಿಯುತ್ತಿದ್ದಳು.

ಸೊಂಟದ ತನಕ ಇಳಿದಾಗ ಸುನಂದಾಳ ಪಾದಕ್ಕೆ ದುಂಡಗಿನದೊಂದು ತಾಗಿತು. ಮೂಗು ಮುಚ್ಚಿಕೊಂಡು ಮುಳುಗಿ ಎತ್ತಿದಳು. ಹಸಿರು ಖಣ! ಗಂಟು ಹಾಗೇ ಇತ್ತು. ಒಳಗೆ ಡಬ್ಬಿ ಭದ್ರವಿದ್ದೇ ಇರುತ್ತದೆ. ಅವಳು ಗಡಿಗೆಯನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟಳು.

“ಅಯ್ಯ ಅಯ್ಯ, ವೈನಿ! ಹೊಳಿಗಿ ಕೊಟ್ಟದ್ದು ತಗೀತಾರೇನ? ಅದೂ ಅವ್ವನ ಹೆಸರಿಂದು!” ಶೈಲಶ್ರೀ ಹೌಹಾರಿ ಮುಂದೆ ಬಂದಳು, ಗಡಿಗೆಗೆ ಕೈಹಾಕಿದಳು. ಸುನಂದಾ ಬಿಡಲಿಲ್ಲ. ಇಬ್ಬರು ಹೆಂಗಸರು ಸೊಂಟದುದ್ದ ನೀರಿನಲ್ಲಿ ಒಂದು ಗಡಿಗೆ ಹಿಡಿದು ಜಗ್ಗಾಡಿದರು. ಮಾತು ಸುನಂದಾಳ ನಾಲಿಗೆಯ ತುದಿಗೆ ಬಂದಿತ್ತು. ಇದು ಔಷಧ, ಇದು ನನ್ನ ಮಗಳ ಜೀವ, ಇಷ್ಟೇ. ಅವಳು ಗಂಡನ ಕಡೆ ನೋಡಿದಳು. ಅವನು ಕಣ್ಣಿನಲ್ಲೇ ಬೇಡವೆಂದ. ದಂಡೆಯ ಕಡೆ ನೋಡಿದಳು. ಇಂದುಬಾಯಿಗೆ ಏನು ನಡೆದಿದೆ ಎಂದು ಅರ್ಥವಾಗದಿದ್ದರೂ ಸೊಸೆ ಏನೋ ಹೇಳಲು ಹೊರಟಿದ್ದಾಳೆಂದು ತಿಳಿದು ಎದ್ದು ನಿಂತಿದ್ದರು. ಸುನಂದಾಳ ಕೈ ಅಷ್ಟೊತ್ತಿಗೆ ಒಂದು ಗಳಿಗೆ ಸಡಿಲಾಯಿತು. ಶೈಲಶ್ರೀ ಗಡಿಗೆಯನ್ನು ಕಿತ್ತುಕೊಂಡು, ಕಣ್ಣಿಗೊತ್ತಿಕೊಂಡು, “ತಪ್ಪಾತವ್ವ ಗಂಗಿ, ಹೊಟ್ಯಾಗ ಹಾಕ್ಕೋ,” ಎಂದು ಬಲವೆಲ್ಲ ಹಾಕಿ ಆಳಕ್ಕೆ ಎಸೆದಳು.

ಕಾವಲುಗಾರ ಸೀಟಿ ಊದುತ್ತ ಬಂದ. ನೀರಿಗಿಳಿದವರನ್ನೆಲ್ಲ ಬಯ್ದು ಮೇಲೆ ಹತ್ತಿಸಿದ.

ಹೊಸ ಕಾಲುಂಗುರ ತರುತ್ತೇವೆ ಎಂಬ ನೆಪದಲ್ಲಿ ಗಂಡ ಹೆಂಡತಿ ಇಬ್ಬರೇ ನಿಡಗುಂದಿಗೆ ಹೋದರು. ಒಂದು ಔಷಧದಂಗಡಿ ಬಾಗಿಲು ಹಾಕಿತ್ತು. ಇನ್ನೊಂದರವನು ಫ್ರಿಜ್ಜು ಕೆಟ್ಟು ವಾರವಾಯಿತು, ಇನ್ಸುಲಿನ್ ಇಡುವುದನ್ನೇ ಬಿಟ್ಟಿದ್ದೇನೆ ಎಂದ. ಮೂರನೆಯವನು, “ನಾಳೆ ಮಧ್ಯಾಹ್ನ ಬಾಗಲಕೋಟಿಂದ ತರಸ್ತೇನ್ರಿ,” ಎಂದ. ಸುನಂದಾಳ ಪರ್ಸಿನ ತುಂಬ ಸೂಜಿಗಳಿದ್ದವು, ಸೂಜಿಯಲ್ಲಿ ತುಂಬಲು ಹನಿ ಔಷಧವಿರಲಿಲ್ಲ.

“ನಾವ ಈಗ ಬಾಗಲಕೋಟಿಗಿ ಹೋಗೂಣ್ರಿ,” ಎಂದಳು.

“ಹೋಗಿ ಬರೂದಂದ್ರ ಅರ್ಧ ರಾತ್ರಿ ಆಗ್ತೈತಿ. ಶೈಲಾ ಯಾಕ ಅಂದ್ರ ಏನ್ ಹೇಳ್ತಿ? ಕಾಲುಂಗುರಕ್ಕ ಬಾಗಲಕೋಟಿಗಿ ಹೋಗಿದ್ವಿ ಅಂತಿಯೇನ?” ಅನೀಲಕುಮಾರ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಕೆಟ್ಟವನಲ್ಲ ಅವನು, ಹೆದರುಪುಕ್ಕ ಅಷ್ಟೇ. “ಒಂದು ಹೊತ್ತು ತಡಕೊಳ್ಳೂಣು. ರಾತ್ರಿ ಆಕಿಗಿ ಏನೂ ಕೊಡಬ್ಯಾಡ. ಮುಂಜಾನೆದ್ದು ಬಾಗಲಕೋಟಿಂದ ನಾನ ತರ್ತೇನಿ. ಒಂದು ಹೊತ್ತಿಗಿ ಏನ್ ಆಗಂಗಿಲ್ಲ.”

ಹೂಂ ಎಂದವಳು ಸುನಂದಾ. ಯಾರೂ ಅವಳ ಬಾಯಿಯಿಂದ ಹೂಂ ಎನ್ನುವುದನ್ನು ಎಳೆದು ತೆಗೆಯಲಿಲ್ಲ, ಅವಳೇ ಅಂದಳು. ಕಾರಂಜಿಯ ಬಣ್ಣದ ನೀರು ಹಾಡಿಗೆ ತಕ್ಕಂತೆ ಕುಣಿಯುತ್ತಿದ್ದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ಕಾವೇರಿ ಮಾತ್ರ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನೀರು ನೀರು ಎನ್ನುತ್ತಿದ್ದಳು. ಆ ರಾತ್ರಿ ವಸತಿಗೃಹದ ಕೋಣೆಯಲ್ಲಿ ಅವಳಿಗೂ ನಿದ್ದೆಯಿಲ್ಲ, ತಾಯಿಗೂ ಇಲ್ಲ.

ಬೆಳಗಾಗುತ್ತಿದ್ದಂತೆ ಕಾವೇರಿ ವಾಂತಿ ಮಾಡಿಕೊಂಡಳು. ಮಾಡಿಕೊಳ್ಳುತ್ತಲೇ ಇದ್ದಳು. ಹೊಟ್ಟೆ ಹಿಡಿದು ಮುದುಡಿದಳು, ಉಸಿರು ಉದ್ದುದ್ದ ಬರತೊಡಗಿತು, ಬಾಯಿಯಿಂದ ಕೊಳೆತ ಹಣ್ಣಿನ ವಾಸನೆ. ಸುನಂದಾ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಮಗಳ ಬೆರಳು ಚುಚ್ಚಿ ಸಕ್ಕರೆ ಅಳೆಯುವ ಯಂತ್ರಕ್ಕೆ ಹಚ್ಚಿದಳು. ಯಂತ್ರದಲ್ಲಿ ಅಂಕಿ ಬರಲಿಲ್ಲ. ಎಣಿಸುವ ಮಿತಿ ದಾಟಿದಾಗ ಅದು ‘ಹೈ’ ಎಂದಷ್ಟೇ ತೋರಿಸುತ್ತದೆ. ಅನೀಲಕುಮಾರ ಆಗಲೇ ಕಾರಿನ ಕೀಲಿ ಹಿಡಿದು ಬಾಗಲಕೋಟೆಗೆ ಹೊರಟು ನಿಂತಿದ್ದ. “ಈಗ ನೀವು ತರೂ ತನ ಈಕಿ ಉಳ್ಯಾಂಗಿಲ್ಲ,” ಎಂದಳು ಸುನಂದಾ. “ಈಕಿನ್ನ ಎತಗೋರಿ.”

ಅವನು ಮಗಳನ್ನೆತ್ತಿಕೊಂಡು ಹೊರಗೆ ನಡೆದ. ಸುನಂದಾ ಹಿಂದೆಯೇ ಬರುವಷ್ಟರಲ್ಲಿ ಶೈಲಶ್ರೀ ಒಂದು ಗ್ಲಾಸು ಲಿಂಬೆ ಶರಬತ್ತು ಮಾಡಿ ಕಾವೇರಿಯ ತುಟಿಗೆ ಹಿಡಿದಿದ್ದಳು. ಸಕ್ಕರೆ ಇನ್ನೂ ತಳದಲ್ಲಿ ಕಾಣುತ್ತಿತ್ತು. ಸುನಂದಾ ಗ್ಲಾಸನ್ನು ಕೈಯಿಂದ ಬಡಿದು ಕೆಡವಿದಳು. ಗಾಜು ಒಡೆದು ಯುವರಾಜ ಅಳತೊಡಗಿದ.

“ನಾ ಏನ್ ವಿಷಾ ಹಾಕಾಕತ್ತಿದ್ನೇನ ವೈನಿ?” ಶೈಲಶ್ರೀಯ ಕಣ್ಣು ತುಂಬಿದವು. “ನಿನ್ನಿಂದ ನೋಡಾಕತ್ತೇನಿ. ನಾ ಮುಟ್ಟಿದ್ದೆಲ್ಲಾ ನಿನಗ ಆಗವಲ್ತು.”

ಎಲ್ಲರೂ ಕಾರಿನಲ್ಲಿ ತುಂಬಿಕೊಂಡರು. ನಿಡಗುಂದಿಯ ದಾರಿಯಲ್ಲಿ ಕಾವೇರಿಯ ಕಣ್ಣು ತೇಲತೊಡಗಿದ್ದೇ ಅನೀಲಕುಮಾರನ ಧೈರ್ಯ ಕುಸಿಯಿತು. ಕಂಡ ಮೊದಲ ದವಾಖಾನೆಯ ಮುಂದೆ ಕಾರು ನಿಲ್ಲಿಸಿಬಿಟ್ಟ. ಭಾನುವಾರವಾದರೂ ಡಾಕ್ಟರು ಮನೆಯ ಮೇಲಿನಿಂದ ಇಳಿದು ಬಂದರು. ಮಗುವಿನ ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು.

“ಎಷ್ಟೊತ್ತಿನಿಂದ ವಾಂತಿ?”

ಇಂದುಬಾಯಿ ಮುಂದೆ ಬಂದರು. “ನಸಿಕಿನ್ಯಾಗಿಂದ್ರಿ. ನಿನ್ನಿ ಹೊರಗಿಂದು ಏನೇನೋ ತಿಂದಾಳ್ರಿ. ಪಚನ ಆಗಿಲ್ಲ.”

“ಮೊದಲಿಂದ ಏನಾರ ಕಾಯಿಲಿ ಐತೇನ್ರಿ? ದಿನಾ ಗುಳಿಗಿ, ಔಷಧ?”

ಕೋಣೆಯಲ್ಲಿ ಎಲ್ಲರೂ ಇದ್ದರು. ಶೈಲಶ್ರೀ ಕಾವೇರಿಯ ಪಾದ ಉಜ್ಜುತ್ತಿದ್ದಳು. ಅನೀಲಕುಮಾರ ಡಾಕ್ಟರ ಮುಖ ನೋಡಿದ, ತಂಗಿಯ ತಲೆ ನೋಡಿದ. “ಏನೂ ಇಲ್ರಿ,” ಎಂದ. ಹಿಂದೆಯೇ, “ಸರ, ಒಂದ್ ಮಿನಿಟ್ ಹೊರಗ ಬರ್ರಿ,” ಎಂದ. ಡಾಕ್ಟರು ಕೇಳಿಸಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಇಂಥ ವಾಂತಿಯ ಮಕ್ಕಳು ಅವರಿಗೆ ದಿನಾ ಬರುತ್ತವೆ. “ಶಾಹಿಸ್ತಾ, ಬಾಟ್ಲಿ ಹಚ್ಚವಾ. ಹುಡುಗಿ ಪೂರಾ ಒಣಗ್ಯಾಳ, ಗ್ಲೂಕೋಸ್ ಹೋಗ್ಲಿ,” ಎಂದು ನರ್ಸಿಗೆ ಹೇಳಿದರು.

ನರ್ಸು ಬಾಟಲಿ ತಂದು ಕಂಬಕ್ಕೆ ತೂಗುಹಾಕಿದಳು. ಮಗುವಿನ ಕೈ ತಟ್ಟಿ ನರ ಹುಡುಕಿದಳು. ಬಾಟಲಿಯ ಮೇಲಿನ ಅಕ್ಷರ ಸುನಂದಾಳ ಕಣ್ಣಿಗೆ ಬಿತ್ತು. ಹತ್ತು ತಿಂಗಳಿಂದ ಬಿಸ್ಕತ್ತಿನ ಪೊಟ್ಟಣದಿಂದ ಹಿಡಿದು ಎಲ್ಲದರ ಮೇಲೂ ಅವಳು ಹುಡುಕುತ್ತಿದ್ದದ್ದು ಆ ಒಂದೇ ಪದಾರ್ಥವನ್ನು. ಸಕ್ಕರೆಯಿಂದ ಸಾಯುತ್ತಿರುವ ಮಗುವಿನ ರಕ್ತಕ್ಕೆ ನೇರ ಸಕ್ಕರೆ ನೀರು.

ಅವಳು ಗಂಡನ ಕಡೆ ನೋಡಲಿಲ್ಲ, ಅತ್ತೆಯ ಕಡೆ ನೋಡಲಿಲ್ಲ. ನರ್ಸಿನ ಕೈ ಹಿಡಿದು ಬಾಟಲಿಯನ್ನು ಕಂಬದಿಂದ ಕಿತ್ತಳು.

“ಈಕಿಗಿ ಶುಗರ್ ಐತ್ರಿ! ದಿನಾ ಎರಡ ಹೊತ್ತು ಇನ್ಸುಲಿನ್ ಕೊಡ್ತೇನಿ. ನಿನ್ನಿ ಸಂಜೀಂದ ಇಲ್ಲ. ಔಷಧ ಹೊಳ್ಯಾಗ ಹೋಗೈತಿ. ನಾವ ಮುಚ್ಚಿಟ್ಟೇವ್ರಿ, ಎಲ್ಲಾರೂ ಕೂಡಿ ಮುಚ್ಚಿಟ್ಟೇವಿ. ನನ್ನ ಮಗಳನ್ನ ಉಳಿಸ್ರಿ!”

ಡಾಕ್ಟರು ಒಂದು ಮಾತೂ ಬಯ್ಯಲಿಲ್ಲ. ಬಯ್ಯುವಷ್ಟು ಪುರುಸೊತ್ತು ಇರಲಿಲ್ಲ. ತಾವೇ ಬೆರಳು ಚುಚ್ಚಿ ನೋಡಿದರು, ಸಕ್ಕರೆಯಿಲ್ಲದ ಬರೀ ಸಲಾಯಿನ್ನಿನ ಬಾಟಲಿ ಹಚ್ಚಿದರು. “ನನ್ನ ಕಡೆ ಇನ್ಸುಲಿನ್ ಇಲ್ಲ. ಆಂಬುಲೆನ್ಸ್ ಕಾಯಬ್ಯಾಡ್ರಿ. ಇದನ್ನ ಮ್ಯಾಲ ಹಿಡ್ಕೊಂಡು ಬಾಗಲಕೋಟಿಗಿ ನಡೀರಿ, ಎಲ್ಲೂ ನಿಲ್ಲಬ್ಯಾಡ್ರಿ. ನಾ ಅಲ್ಲಿ ಫೋನ್ ಮಾಡಿ ಹೇಳ್ತೇನಿ,” ಎಂದರು.

ಕಾರಿನಲ್ಲಿ ಬಾಟಲಿ ಎತ್ತಿ ಹಿಡಿದವಳು ಶೈಲಶ್ರೀ. ಯಾರೂ ಅವಳಿಗೆ ಹೇಳಲಿಲ್ಲ, ಅವಳೇ ಕೈಚಾಚಿ ಇಸಿದುಕೊಂಡಿದ್ದಳು. ಕಾವೇರಿಯ ತಲೆ ಸುನಂದಾಳ ತೊಡೆಯ ಮೇಲಿತ್ತು. ಹಿಂದಿನ ಸೀಟಿನಲ್ಲಿ ಇಂದುಬಾಯಿ ಎರಡು ಹುಡುಗರನ್ನು ತಬ್ಬಿಕೊಂಡು ಕೂತಿದ್ದರು. ಕೃಷ್ಣೆಯ ಸೇತುವೆ ದಾಟಿದ ಮೇಲೆ ಶೈಲಶ್ರೀ ಬಾಯಿ ತೆಗೆದಳು.

“ನಿನ್ನ ಕೈಯಾಗ ಇತ್ತಲ್ಲ ವೈನಿ.”

ಸುನಂದಾ ಮಗಳ ಹಣೆಗೆ ಅಂಟಿದ ಕೂದಲು ಸರಿಸಿದಳು.

“ಗಡಿಗಿ ನಿನ್ನ ಕೈಯಾಗ ಇತ್ತು. ನಾ ಜಗ್ಗಾಕತ್ತಿದ್ದೆ. ಒಂದ್ ಮಾತು ಹೇಳಿದ್ರ ಬಿಡ್ತಿದ್ದೆ.” ಅವಳ ದನಿ ಏರಲಿಲ್ಲ. ಏರಿದ್ದರೆ ಸುನಂದಾಳಿಗೆ ಸುಲಭವಾಗುತ್ತಿತ್ತು. “ಹೆಸರಿಟ್ಟಾಕಿ ನಾನು. ನನ್ನ ಕೈಲೇ ಈಕಿನ್ನ ಕೊಲ್ಲಸ್ತಿದ್ರಿ ನೀವೆಲ್ಲಾ. ನಾ ಅಷ್ಟ ಕೆಟ್ಟಾಕಿ ಅಂತ ಯಾವಾಗ ತಿಳ್ಕೊಂಡ್ರಿ?”

“ಕೆಟ್ಟಾಕಿ ಅಂತ ಅಲ್ಲ ಶೈಲಾ,” ಎಂದರು ಹಿಂದಿನಿಂದ ಇಂದುಬಾಯಿ, ಅಳುತ್ತ. “ನಿನ್ನ ಅತ್ತಿ ಮನ್ಯಾಗ...”

“ನೀ ಸುಮ್ನಿರವ್ವ,” ಎಂದಳು ಶೈಲಶ್ರೀ. ಬಾಟಲಿಯನ್ನು ಇನ್ನೊಂದು ಕೈಗೆ ಬದಲಿಸಿದಳು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಬಾಗಿಲಲ್ಲೇ ಕಾಯುತ್ತಿದ್ದವರು ಮಗುವನ್ನು ಒಳಗೆ ಒಯ್ದರು. ದೊಡ್ಡವರೆಲ್ಲ ಹೊರಗಿನ ಬೆಂಚಿನ ಮೇಲೆ ಕೂತರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸುನಂದಾ ದೇವರಿಗೆ ಏನೇನು ಹರಕೆ ಹೊತ್ತಳೋ ಅವಳಿಗೇ ನೆನಪಿಲ್ಲ. ಮುಡಿ ಕೊಡುತ್ತೇನೆಂದಳು, ಬರಿಗಾಲಲ್ಲಿ ನಡೆಯುತ್ತೇನೆಂದಳು, ಅವಳ ಬದಲು ನನ್ನನ್ನು ತಗೋ ಎಂದಳು. ಊರಿಗೆಲ್ಲ ಗೊತ್ತಾಗಲಿ, ಯಾರೂ ಮದುವೆಯಾಗದಿರಲಿ, ಜನ್ಮವೆಲ್ಲ ನನ್ನ ಮಗ್ಗುಲಲ್ಲೇ ಇರಲಿ, ಇದ್ದರೆ ಸಾಕು. ಹೊತ್ತು ಇಳಿಯುತ್ತಿದ್ದಾಗ ಒಳಗಿನಿಂದ ಡಾಕ್ಟರಮ್ಮ ಬಂದು, ಸಕ್ಕರೆ ಇಳಿಯುತ್ತಿದೆ, ಕಣ್ಣು ಬಿಟ್ಟಿದ್ದಾಳೆ, ಇವತ್ತು ರಾತ್ರಿ ಕಳೆಯುವ ತನಕ ಏನೂ ಹೇಳಲಾರೆ, ತಾಯಿ ಒಳಗೆ ಬರಬಹುದು ಎಂದರು.

ಕಾವೇರಿಯ ಎರಡೂ ಕೈಗೆ ಸೂಜಿ ಇತ್ತು, ಪಟ್ಟಿ ಸುತ್ತಿದ್ದರು. ಒಂದರಲ್ಲಿ ಸಲಾಯಿನ್, ಇನ್ನೊಂದರಲ್ಲಿ ಸಣ್ಣ ಯಂತ್ರದಿಂದ ಹನಿಹನಿಯಾಗಿ ಇನ್ಸುಲಿನ್. ಸುನಂದಾ ಹಣೆ ಸವರಿದಾಗ ಅವಳು ಕಣ್ಣು ತೆರೆದಳು. ತಾಯಿಯನ್ನು ನೋಡಿ ತುಟಿ ಸ್ವಲ್ಪ ಅಲುಗಿತು. ಅಷ್ಟರಲ್ಲಿ ಬಾಗಿಲ ಬಳಿ ಶೈಲಶ್ರೀ ಬಂದು ನಿಂತಳು. ನರ್ಸು ತಡೆದಿದ್ದರಿಂದ ಹೊಸ್ತಿಲು ದಾಟದೆ ಅಲ್ಲಿಂದಲೇ ಸೆರಗು ಬಾಯಿಗೊತ್ತಿ ನೋಡುತ್ತಿದ್ದಳು.

ಕಾವೇರಿಯ ಕಣ್ಣಿನಲ್ಲಿ ಗಾಬರಿ ತುಂಬಿತು. ಎತ್ತಲಾಗದ ಕೈಯನ್ನು ಎಳೆದೆಳೆದು ಹೊದಿಕೆಯ ಕೆಳಗೆ ಸರಿಸತೊಡಗಿದಳು.

“ಮಮ್ಮಿ,” ಎಂದು ಉಸುರಿದಳು, “ಅತ್ತಿ ಬಂದಾಳ. ಸೂಜಿ ಮುಚ್ಚು.”

“ಇರ್ಲಿ ಕಂದಾ,” ಎಂದಳು ಸುನಂದಾ. “ಅತ್ತಿಗಿ ಎಲ್ಲಾ ಗೊತ್ತೈತಿ. ಹೇಳೀನಿ ನಾನು. ಮುಚ್ಚೂದು ಬ್ಯಾಡ.”

ಕಾವೇರಿ ತಾಯಿಯ ಮುಖವನ್ನೇ ನೋಡಿದಳು. ಈ ಮಾತು ನಿಜವೋ, ಅತ್ತೆ ಕೇಳಿಸಿಕೊಳ್ಳಲೆಂದು ಹೇಳುವ ಮಾತೋ ಎಂದು ಹುಡುಕುವ ಹಾಗಿತ್ತು ಆ ನೋಟ. ಸುನಂದಾ ಹೊದಿಕೆಯನ್ನು ಮೆಲ್ಲಗೆ ಸರಿಸಿ ಮಗಳ ಕೈಯನ್ನು ಬೆಳಕಿಗೆ ತಂದಳು. ಕಾವೇರಿ ಅದನ್ನು ಮತ್ತೆ ಒಳಗೆ ಎಳೆದುಕೊಂಡಳು.